ಹುಳದ ಹೆಸರಿಗಿಂತ ಮೊದಲು ಅದು ಕೂತ ಗಿಡ ನೋಡಿ

ಮಿರಗದ ಮಳೆ ಬಿದ್ದ ಮೇಲೆ ಬಸವನ ಬಾಗೇವಾಡಿ ಸುತ್ತಲಿನ ಹೊಲಗಳಲ್ಲಿ ಕೆಂಪು ಮಖಮಲ್ಲಿನ ಮೈಯ ಹುಳ ಹೊರಬೀಳುತ್ತದೆ. ಮಕ್ಕಳು ಫೋನು ತಗೊಂಡು ಫೋಟೊ ಹೊಡೆಯುತ್ತಾರೆ, "ಅಪ್ಪಾ, ಇದು ಯಾವ ಹುಳ ಐತಿ?" ಎಂದು ಕೇಳುತ್ತಾರೆ. ಫೋನಿನಲ್ಲೇ ಹೆಸರು ಹುಡುಕಿ ಹೇಳುವ ಅವಸರ ಬೇಡ. "ಕಾಲು ಎಷ್ಟು ಅದಾವ, ಎಣಸು" ಎನ್ನಿ. ಎಂಟು ಸಿಗುತ್ತವೆ. ಬೆಳೆದ ಕೀಟಕ್ಕೆ ಇರುವುದು ಆರೇ ಕಾಲು. ಹಾಗಾಗಿ ಮಿರಗದ ಹುಳ ಕೀಟವೇ ಅಲ್ಲ, ಜೇಡ ಮತ್ತು ಚೇಳಿನ ಬಳಗಕ್ಕೆ ಸೇರಿದ ನುಸಿ. ಇಷ್ಟನ್ನು ಮಗು ತಾನೇ ಕಂಡುಕೊಂಡರೆ ಮುಂದಿನ ಪ್ರಶ್ನೆಯನ್ನೂ ತಾನೇ ಹುಡುಕಿಕೊಳ್ಳುತ್ತದೆ.

ಹುಳ ಹುಡುಕಲು ಕಾಡಿಗೆ ಹೋಗಬೇಕಿಲ್ಲ. ದಾರಿ ಬದಿಯ ಎಕ್ಕಿ ಗಿಡ ಸಾಕು. ಕಪ್ಪು, ಬಿಳಿ, ಹಳದಿ ಪಟ್ಟೆಯ, ಬೆನ್ನ ಮೇಲೆ ಮೂರು ಜೊತೆ ಕಪ್ಪು ಎಳೆ ನಿಂತ ಕಂಬಳಿಹುಳು ಅದರ ಎಲೆ ಮೇಯುತ್ತಿದ್ದರೆ ಅದು ಪ್ಲೇನ್ ಟೈಗರ್ ಎಂಬ ಕಿತ್ತಳೆ ಬಣ್ಣದ ಪಾತರಗಿತ್ತಿಯ ಮರಿ. ಎಕ್ಕಿಯ ವಿಷವನ್ನು ಅದು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಒಮ್ಮೆ ಬಾಯಿ ಹಾಕಿ ಕೆಟ್ಟ ಹಕ್ಕಿ ಮತ್ತೆ ಆ ಬಣ್ಣದ ತಂಟೆಗೆ ಹೋಗುವುದಿಲ್ಲ. ಈ ಭಯದ ಲಾಭ ಪಡೆಯುವ ಇನ್ನೊಂದು ಪಾತರಗಿತ್ತಿ ಇದೆ, ಡನೈಡ್ ಎಗ್‌ಫ್ಲೈ. ಅದರ ಮೈಯಲ್ಲಿ ಎಕ್ಕಿಯ ವಿಷವಿಲ್ಲ, ಆದರೆ ಹೆಣ್ಣಿನ ಬಣ್ಣ ಪ್ಲೇನ್ ಟೈಗರ್‌ನದೇ. ಗಂಡು ಮಾತ್ರ ಕಪ್ಪು ಮೈಯ ಮೇಲೆ ಬಿಳಿ ಮಚ್ಚೆ ಹೊತ್ತು ಬೇರೆಯೇ ಜಾತಿಯಂತೆ ಕಾಣುತ್ತದೆ. ಪ್ಲೇನ್ ಟೈಗರ್‌ನ ಹಿಂದಿನ ರೆಕ್ಕೆಯ ನಡುವೆ ಮೂರೋ ನಾಲ್ಕೋ ಕಪ್ಪು ಚುಕ್ಕೆಗಳಿರುತ್ತವೆ, ಎಗ್‌ಫ್ಲೈ ಹೆಣ್ಣಿಗೆ ರೆಕ್ಕೆಯ ಮೇಲಂಚಿನ ಹತ್ತಿರ ಒಂದೇ ದೊಡ್ಡ ಚುಕ್ಕೆ. ಹಿಂದಿನ ರೆಕ್ಕೆ ಕಾಣದ ಫೋಟೊ ಎಷ್ಟೇ ಚೆಂದವಿದ್ದರೂ ಇವೆರಡನ್ನು ಬೇರೆ ಮಾಡಿ ಹೇಳುವುದು ಕಷ್ಟ.

ಹೀಗಾಗಿ ನನ್ನ ಪ್ರಕಾರ ಒಂದು ಹುಳಕ್ಕೆ ಕನಿಷ್ಠ ನಾಲ್ಕು ಫೋಟೊ ಬೇಕು. ಮೇಲಿಂದ ಒಂದು, ಪಕ್ಕದಿಂದ ಒಂದು, ಮೀಸೆ ಮತ್ತು ಮುಖ ಕಾಣುವಂತೆ ಒಂದು, ಗಿಡದ ಎಲೆ, ಹೂವು ಸ್ಪಷ್ಟವಾಗಿರುವಂತೆ ಒಂದು. ಕೊನೆಯದನ್ನೇ ಎಲ್ಲರೂ ಮರೆಯುವುದು. ಮರಿಹುಳುಗಳ ವಿಷಯದಲ್ಲಿ ಗಿಡ ಗೊತ್ತಾದರೆ ಅರ್ಧ ಗುರುತು ಸಿಕ್ಕಂತೆಯೇ. ಇಂಡಿ ಕಡೆಯ ಲಿಂಬಿ ತೋಟದ ಎಳೆ ಎಲೆಯ ಮೇಲೆ ಹಕ್ಕಿ ಹಿಕ್ಕೆಯಂಥದ್ದು ಕಂಡರೆ ಮಗು ದಾಟಿ ಹೋಗುತ್ತದೆ. ಅದು ಲಿಂಬಿ ಪಾತರಗಿತ್ತಿಯ ಸಣ್ಣ ಮರಿ ಇರಬಹುದು. ಬೆಳೆದಂತೆ ಅದೇ ಮರಿ ಎಲೆಹಸಿರಾಗುತ್ತದೆ. ಕೆಣಕಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬು ಚಾಚಿ ಕಟುವಾದ ವಾಸನೆ ಬಿಡುತ್ತದೆ.

ದುಬಾರಿ ಕ್ಯಾಮೆರಾ ಬೇಡ. ಮನೆಯ ಫೋನನ್ನು ಹುಳಕ್ಕೆ ತೀರ ಹತ್ತಿರ ಒಯ್ದರೆ ಫೋಕಸ್ ಆಗುವುದಿಲ್ಲ. ತುಸು ಹಿಂದೆ ಸರಿದು, ಪರದೆಯ ಮೇಲೆ ಹುಳ ಇರುವಲ್ಲಿ ಬೆರಳಿಟ್ಟು ಫೋಕಸ್ ಮಾಡಿ, ಆಮೇಲೆ ಚಿತ್ರ ಕತ್ತರಿಸಿಕೊಳ್ಳಲಿ. ನಸುಕಿನಲ್ಲಿ ಹೋಗುವುದು ಎಲ್ಲಕ್ಕಿಂತ ಒಳ್ಳೆಯದು. ಬಿಸಿಲು ಏರುವ ಮೊದಲು ಹುಳಗಳ ಮೈ ತಣ್ಣಗಿರುತ್ತದೆ, ಬೇಗ ಹಾರುವುದಿಲ್ಲ. ಹಾರದಂತೆ ರೆಕ್ಕೆ ಹಿಡಿಯುವುದು, ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡುವುದನ್ನು ದಯವಿಟ್ಟು ಕಲಿಸಬೇಡಿ.

ಇನ್ನು ಹುಳ ಮಕ್ಕಳಿಗೆ ಏನಾದರೂ ಮಾಡೀತೆಂಬ ನಿಮ್ಮ ಭಯದ ಮಾತು. ಬಹಳಷ್ಟು ಹುಳ ಏನೂ ಮಾಡುವುದಿಲ್ಲ. ಅಪಾಯದವು ಕೆಲವೇ, ಅವನ್ನು ಹೆಸರು ಹಿಡಿದು ಹೇಳಿಕೊಡಿ. ತೊಗರಿ ಹೂವಾಡುವಾಗ ಕಪ್ಪು ಮೈಗೆ ಕಿತ್ತಳೆ ಪಟ್ಟೆಯ ದುಂಬಿಗಳು ಹೂ ತಿನ್ನಲು ಬರುತ್ತವೆ. ಮುಟ್ಟಿದರೆ ಅವು ಒಸರುವ ರಸ ಚರ್ಮಕ್ಕೆ ತಾಗಿ ಕೆಲವು ತಾಸಿನ ಮೇಲೆ ಬೊಬ್ಬೆ ಏಳುತ್ತದೆ. ತಾಗಿದರೆ ಕೂಡಲೇ ಸಾಬೂನು ನೀರಿನಿಂದ ತೊಳೆಯಿರಿ, ಬೊಬ್ಬೆ ಒಡೆಯಬೇಡಿ. ಎಕ್ಕಿಯ ಹಾಲು ಕಣ್ಣಿಗೆ ಬಿದ್ದರೆ ಕರಿಗುಡ್ಡೆಗೇ ಪೆಟ್ಟಾಗಬಹುದು. ನೀರಿನಿಂದ ಬಹಳ ಹೊತ್ತು ತೊಳೆದು ಅಂದೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಹೆಜ್ಜೇನು ಕಟ್ಟಿದ ಮರದ ಕೆಳಗೆ ಫ್ಲಾಶ್ ಹೊಡೆಯುವುದು, ಬರಿಗೈಲಿ ಕಲ್ಲು ಎಬ್ಬಿಸುವುದು ಎರಡೂ ಬೇಡ. ನಮ್ಮ ಕಡೆ ಕಲ್ಲಿನಡಿ ಕೆಂಪು ಚೇಳು ಇರುತ್ತದೆ, ಅದರ ವಿಷ ಮಕ್ಕಳ ಹೃದಯಕ್ಕೆ ಕೆಟ್ಟದ್ದು. ಎಣ್ಣೆ ಹೊಡೆದ ದ್ರಾಕ್ಷಿ, ಹತ್ತಿ, ತೊಗರಿ ಹೊಲಕ್ಕೆ ಮಕ್ಕಳನ್ನು ಬಿಡಬೇಡಿ.

ನನಗೆ ಇವೆಲ್ಲಕ್ಕಿಂತ ಹೆಚ್ಚು ಆತಂಕ ಕಾಲುವೆಯದು. ಏರೋಪ್ಲೇನ್ ಚಿಟ್ಟೆ ನೀರಿನ ಮೇಲೇ ಸುಳಿದಾಡುತ್ತದೆ, ಮಗುವಿನ ಕಣ್ಣು ಪೂರ್ತಿ ಪರದೆಯಲ್ಲಿರುತ್ತದೆ. ಮುಳವಾಡ ಏತ ನೀರಾವರಿಯ ಕಾಲುವೆಗಳ ಸಿಮೆಂಟಿನ ಇಳಿಜಾರಿನಲ್ಲಿ ಜಾರಿದರೆ ಈಜು ಬಂದವರಿಗೂ ಮೇಲೆ ಹತ್ತಲು ಹಿಡಿ ಸಿಗುವುದಿಲ್ಲ. ದೊಡ್ಡವರಿಲ್ಲದೆ ಕಾಲುವೆ, ಬಾವಿ, ಆಲಮಟ್ಟಿ ಹಿನ್ನೀರಿನ ದಂಡೆಗೆ ಹೋಗಕೂಡದೆಂಬ ಮಾತಿನಲ್ಲಿ ರಿಯಾಯಿತಿ ಬೇಡ.

ಗಿಡ, ಕಾಲು, ರೆಕ್ಕೆ ನೋಡಿಯಾದ ಮೇಲೆ ಆ್ಯಪ್ ತೆರೆಯಿರಿ. ಸಣ್ಣ ಮಕ್ಕಳಿಗೆ ಸೀಕ್ ಒಳ್ಳೆಯದು, ಅದಕ್ಕೆ ಖಾತೆ ತೆರೆಯಬೇಕಿಲ್ಲ. ಐನ್ಯಾಚುರಲಿಸ್ಟ್ ಮತ್ತು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಲ್ಲಿ ಬಲ್ಲವರು ಚಿತ್ರ ನೋಡಿ ತಿದ್ದುತ್ತಾರೆ. ಅಲ್ಲಿ ಖಾತೆ ನಿಮ್ಮ ಹೆಸರಿನಲ್ಲಿರಲಿ, ಮನೆಯಂಗಳದ ಚಿತ್ರವಾದರೆ ಜಾಗದ ಗುರುತು ಮರೆಮಾಡಿ. ಆ್ಯಪ್ ಕೊಡುವ ಹೆಸರು ಒಂದು ಊಹೆ. ಜಗತ್ತಿನಲ್ಲಿ ಹೆಸರಿಟ್ಟ ಕೀಟಗಳೇ ಸುಮಾರು 10 ಲಕ್ಷ, ಎಷ್ಟೋ ಹುಳಗಳನ್ನು ಸೂಕ್ಷ್ಮದರ್ಶಕವಿಲ್ಲದೆ ತಜ್ಞರೂ ಜಾತಿ ಹಿಡಿದು ಹೇಳಲಾರರು. "ಇದು ಒಂದು ಬಗೆಯ ದುಂಬಿ" ಎಂಬಲ್ಲಿಗೆ ನಿಂತರೂ ಅದು ಸರಿಯಾದ ಉತ್ತರವೇ.

ಹೀಗೆ ನೋಡಿ ಕಲಿತ ಮಕ್ಕಳಿಂದ ಹೊಲಕ್ಕೂ ಉಪಯೋಗವಿದೆ. ಕುಸುಬಿಗೆ ಹೇನು ಬಿದ್ದಾಗ ಅದರ ನಡುವೆ ಓಡಾಡುವ, ಪುಟ್ಟ ಮೊಸಳೆಯಂಥ ಕಪ್ಪು ಹುಳವನ್ನು ಬಹಳ ಜನ ಹೊಸಕಿ ಹಾಕುತ್ತಾರೆ. ಅದು ಹೇನು ತಿನ್ನುವ ಗುಲಗಂಜಿ ಹುಳುವಿನ ಮರಿ.

ಹೆಸರು ಸಿಗಲಿಲ್ಲವೆಂದು ಫೋಟೊ ಅಳಿಸಲು ಬಿಡಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ತಾರೀಕು, ಊರು, ಗಿಡದ ಹೆಸರು, ಹುಳ ಏನು ಮಾಡುತ್ತಿತ್ತೆಂಬುದನ್ನು ಮಗುವಿನ ಕೈಯಿಂದಲೇ ಬರೆಸಿ. ವಿಜಯಪುರದ ಕೃಷಿ ಮಹಾವಿದ್ಯಾಲಯದಲ್ಲಿ ಕೀಟಶಾಸ್ತ್ರ ಬಲ್ಲವರಿದ್ದಾರೆ. ಆ ಕಡೆ ಹೋಗುವಾಗ ಫೋನಿನ ಜೊತೆ ನೋಟ್‌ಬುಕ್ಕನ್ನೂ ಒಯ್ಯಿರಿ.