ಮೊದಲು ಮಾತ್ರೆಯ ದುಡ್ಡು, ಆಮೇಲೆ ಮಕ್ಕಳ ಠೇವಣಿ

ಮನೆಯಲ್ಲಿ ಒಬ್ಬರಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದ ಕೂಡಲೇ ನೆಂಟರಿಷ್ಟರು ಕೊಡುವ ಸಲಹೆ ಹೆಚ್ಚುಕಡಿಮೆ ಒಂದೇ: ಇದ್ದಬದ್ದ ದುಡ್ಡನ್ನೆಲ್ಲ ಮಕ್ಕಳ ಹೆಸರಿಗೆ ಹಾಕಿಬಿಡಿ. ಆ ಮಾತಿನ ಹಿಂದಿನ ಕಳಕಳಿ ನಿಜ, ಲೆಕ್ಕ ಮಾತ್ರ ತಪ್ಪು. ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ಸಿಎಂಎಲ್, ಇಟ್ಟುಕೊಂಡು ಚಿಕ್ಕ ಮಕ್ಕಳನ್ನು ಬೆಳೆಸುತ್ತಿರುವವರಲ್ಲಿ ನಾನೂ ಒಬ್ಬಳು. ನಮ್ಮಂಥವರು ಹಣ ಹೊಂದಿಸಬೇಕಾದದ್ದು ನಾಳೆಯೇ ಬರುವ ಸಾವಿಗಲ್ಲ, ವರ್ಷಾನುಗಟ್ಟಲೆ ನಡೆಯುವ ಖರ್ಚಿಗೆ. ಪಶ್ಚಿಮದ ದೇಶಗಳಲ್ಲಿ ಇದು ಹೆಚ್ಚಾಗಿ ಅರವತ್ತರ ಆಸುಪಾಸಿನವರ ಕಾಯಿಲೆ. ಭಾರತದಲ್ಲಿ ಮೂವತ್ತು ನಲವತ್ತರ ವಯಸ್ಸಿಗೇ ಬಹಳ ಜನರಿಗೆ ಬರುತ್ತದೆ. ಹಾಗಾಗಿ ಶಾಲೆಯ ಫೀಸು, ಮನೆಸಾಲದ ಕಂತು, ಔಷಧದ ಬಿಲ್ಲು ಮೂರೂ ಒಂದೇ ಸಂಬಳದ ಮೇಲೆ ಬೀಳುತ್ತವೆ.

2001ರಲ್ಲಿ ಅಮೆರಿಕದಲ್ಲಿ ಇಮ್ಯಾಟಿನಿಬ್ ಎಂಬ ಮಾತ್ರೆಗೆ ಒಪ್ಪಿಗೆ ಸಿಕ್ಕ ಮೇಲೆ ಈ ಕಾಯಿಲೆಯ ಗತಿಯೇ ಬದಲಾಯಿತು. ಅದರ ದೊಡ್ಡ ಪ್ರಯೋಗದಲ್ಲಿ ಈ ಮಾತ್ರೆಯಿಂದಲೇ ಚಿಕಿತ್ಸೆ ಶುರು ಮಾಡಿದವರಲ್ಲಿ ಹತ್ತು ವರ್ಷದ ನಂತರ ಬದುಕಿದ್ದವರು ಸುಮಾರು 83%. ಇದೇ ಮಾತ್ರೆಯ ಮೂಲ ಬ್ರ್ಯಾಂಡ್, ನೊವಾರ್ಟಿಸ್ ಕಂಪನಿಯ ಗ್ಲಿವೆಕ್‌ಗೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಬೀಳುತ್ತಿದ್ದ ಕಾಲದಲ್ಲಿ ಭಾರತದ ಜೆನೆರಿಕ್ ಮಾತ್ರೆ 8ರಿಂದ 10 ಸಾವಿರಕ್ಕೆ ಸಿಗುತ್ತಿತ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಆ ಕಂಪನಿಯ ಪೇಟೆಂಟ್ ಅರ್ಜಿಯನ್ನು ತಳ್ಳಿಹಾಕಿದ್ದರಿಂದ ಆ ದಾರಿ ಮುಚ್ಚಲಿಲ್ಲ. ಇಂದು ಜನೌಷಧಿ ಮಳಿಗೆಗಳ ಪಟ್ಟಿಯಲ್ಲೂ ಇಮ್ಯಾಟಿನಿಬ್ ಇದೆ. ಆದರೆ ಅಗ್ಗವಾದ ಮಾತ್ರಕ್ಕೆ ಅದು ಬಿಡಬಹುದಾದ ಖರ್ಚಲ್ಲ. ಊಟದ ಜೊತೆ, ದೊಡ್ಡ ಲೋಟದ ತುಂಬ ನೀರು ಕುಡಿದು, ದಿನಕ್ಕೊಂದು 400 ಮಿಲಿಗ್ರಾಂ ಮಾತ್ರೆ. ಹತ್ತರ ಸ್ಟ್ರಿಪ್ ಹತ್ತೇ ದಿನಕ್ಕೆ ಖಾಲಿ. 2010ರಲ್ಲಿ ಪ್ರಕಟವಾದ ಲಂಡನ್‌ನ ಒಂದು ಸಣ್ಣ ಅಧ್ಯಯನದಲ್ಲಿ, ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಮಾತ್ರೆ ತಪ್ಪಿಸಿದವರಿಗೆ ಕಾಯಿಲೆ ಚೆನ್ನಾಗಿ ಹಿಡಿತಕ್ಕೆ ಬರುವ ಸಾಧ್ಯತೆ 28% ಇದ್ದರೆ, ಅಷ್ಟು ತಪ್ಪಿಸದೆ ನುಂಗಿದವರಿಗೆ ಸುಮಾರು 94% ಇತ್ತು. ತಿಂಗಳ ಕೊನೆಯ ಬರಿಗೈ ನೇರ ರಕ್ತಕ್ಕೇ ಇಳಿಯುತ್ತದೆ ಎಂದೇ ಇದನ್ನು ಓದಬೇಕು. ಇದರ ಮೇಲೆ, ಮೊದಮೊದಲು ಮೂರು ತಿಂಗಳಿಗೊಮ್ಮೆ ಕಾಯಿಲೆಯ ಮಟ್ಟ ಅಳೆಯುವ ಬಿಸಿಆರ್-ಎಬಿಎಲ್ ರಕ್ತಪರೀಕ್ಷೆ ಬೇರೆ.

ಇನ್ಶೂರೆನ್ಸ್ ಇದೆಯಲ್ಲ ಎನ್ನುವವರಿದ್ದಾರೆ. ಆರೋಗ್ಯ ವಿಮೆ ಮೂಲತಃ ಆಸ್ಪತ್ರೆಯ ಹಾಸಿಗೆಗೆ ಹೊಲಿದ ಅಂಗಿ. ಮನೆಯಲ್ಲಿ ನುಂಗುವ ಮಾತ್ರೆಗೆ ಅದು ಸರಿಹೊಂದುವುದಿಲ್ಲ. ಬಾಯಿ ಮೂಲಕ ಕೊಡುವ ಕಿಮೊಥೆರಪಿಯನ್ನು ಪಾಲಿಸಿಯಲ್ಲಿ ಸೇರಿಸಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲೇ ಹೇಳಿದೆ, ಆದರೆ ಕಂಪನಿಗಳು ಅದಕ್ಕೆ ಮಿತಿ ಹಾಕಿಕೊಳ್ಳಬಹುದು. ನಿಮ್ಮ ಪಾಲಿಸಿಯಲ್ಲಿ ಆ ಸಾಲನ್ನು ಹುಡುಕಿ ಓದಿ. ಕ್ಯಾನ್ಸರ್ ಖರ್ಚಿನ ತೆರಿಗೆ ವಿನಾಯಿತಿಯೂ ಹಳೆಯ ಪದ್ಧತಿ ಆಯ್ದುಕೊಂಡವರಿಗೆ ಮಾತ್ರ, ಅದೂ ಅರವತ್ತು ದಾಟದವರಿಗೆ 40,000 ರೂಪಾಯಿವರೆಗೆ.

ಮಕ್ಕಳ ಭವಿಷ್ಯಕ್ಕಿಂತ ಮೊದಲು ನಿಮ್ಮ ಮಾತ್ರೆಯೇ, ಇದು ಸ್ವಾರ್ಥವಲ್ಲವೇ? ಮನಸ್ಸಿಗೆ ನಾಟುವ ಪ್ರಶ್ನೆ ಇದೇ. ಹೆಣ್ಣುಮಗುವಿನ ಹೆಸರಲ್ಲಿ ತೆರೆಯುವ ಸುಕನ್ಯಾ ಸಮೃದ್ಧಿ ಖಾತೆಯನ್ನೇ ನೋಡಿ: ಅದಕ್ಕೆ ಹದಿನೈದು ವರ್ಷ ಕಟ್ಟಬೇಕು, ಅದು ಪಕ್ವವಾಗುವುದು ಇಪ್ಪತ್ತೊಂದಕ್ಕೆ. ಅಷ್ಟು ವರ್ಷ ಕಟ್ಟುವ ಕೈ ಉಳಿದರೆ ತಾನೇ ಖಾತೆ? ವರ್ಷಕ್ಕೆ 250 ರೂಪಾಯಿ ಹಾಕಿದರೂ ಖಾತೆ ಜೀವಂತವಿರುತ್ತದೆ. ಆರು ತಿಂಗಳ ಮಾತ್ರೆ ಮತ್ತು ಎರಡು ಪರೀಕ್ಷೆಯ ದುಡ್ಡು ಬೇಕೆಂದಾಗ ತೆಗೆಯಬಹುದಾದ ಉಳಿತಾಯದಲ್ಲಿ ಕೂಡುವವರೆಗೆ ಅಷ್ಟೇ ಸಾಕು. ಇಮ್ಯಾಟಿನಿಬ್ ಕೈಕೊಟ್ಟರೆ? ದಸಾಟಿನಿಬ್, ನಿಲೋಟಿನಿಬ್ ಎಂಬ ಬೇರೆ ಔಷಧಗಳಿವೆ. ಖರ್ಚು ಏರಬಹುದು; ಕೈಗೆ ಸಿಗುವ ಹಣ ಬೇಕಾಗುವುದೂ ಆಗಲೇ. ನಿಜವಾಗಿ ಸಾವೇ ಬಂದರೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ತಳ್ಳಲಾರೆ. ಅದಕ್ಕೆ ಉತ್ತರ ಬೀಗ ಹಾಕಿದ ಠೇವಣಿಯಲ್ಲ. ಕಾಯಿಲೆಗೆ ಮುಂಚೆ ಮಾಡಿಸಿದ ಟರ್ಮ್ ಪಾಲಿಸಿಯ ಕಂತನ್ನು ಎಂದೂ ತಪ್ಪಿಸಬಾರದು, ಏಕೆಂದರೆ ಹೊಸದು ಸಿಗುವುದು ಕಷ್ಟ. ನಾಮಿನಿ ಅಪ್ರಾಪ್ತ ಮಗುವಾದರೆ ಹಣ ಪಡೆದುಕೊಳ್ಳುವ ದೊಡ್ಡವರೊಬ್ಬರ ಹೆಸರು ಪಾಲಿಸಿಯಲ್ಲಿ ಇರಬೇಕು. ಮಕ್ಕಳನ್ನು ಯಾರು ನೋಡಿಕೊಳ್ಳಬೇಕೆಂದು ಉಯಿಲಿನಲ್ಲಿ ಬರೆದಿಡಬೇಕು. ಈ ಮೂರಕ್ಕೂ ಲಕ್ಷಗಟ್ಟಲೆ ಕೂಡಿಡಬೇಕಿಲ್ಲ.

ಈ ತಿಂಗಳು ಮಗುವಿನ ಖಾತೆಗೆ ದುಡ್ಡು ಕಟ್ಟಲು ಹೊರಡುವ ಮುನ್ನ ಔಷಧದ ಡಬ್ಬಿ ತೆರೆದು ಎಷ್ಟು ಸ್ಟ್ರಿಪ್ ಉಳಿದಿವೆ ಎಂದು ಎಣಿಸಿ.