ಮೊದಲು ಲಾಗ್ ಓದಿ

ಸ್ಯಾಸ್ ಕಲಿತು ಹೊಸದಾಗಿ ಕೆಲಸಕ್ಕೆ ಸೇರಿರುವ ಮಕ್ಕಳೇ, ಬೆಂಗಳೂರಿನಲ್ಲಿ ಕೂತು ದೂರದೇಶದ ಔಷಧ ಪ್ರಯೋಗಗಳ ರಿಪೋರ್ಟ್ ತಯಾರಿಸುವವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಪ್ರೋಗ್ರಾಂ ಓಡಿ ಮುಗಿಯುತ್ತದೆ, ರಿಪೋರ್ಟ್ ಮಾತ್ರ ಬಂದಿರುವುದಿಲ್ಲ. ತಕ್ಷಣ ಕೈ ಮತ್ತೆ ರನ್ ಗುಂಡಿಗೇ ಹೋಗುತ್ತದೆ. ಆ ಕೈಯನ್ನು ಸ್ವಲ್ಪ ತಡೆಯಿರಿ. ಲಾಗ್ ತೆರೆಯಿರಿ.

ತೆರೆದ ಮೇಲೆ ಮೇಲಿನಿಂದ ಓದಿ. ಬ್ಯಾಚ್‌ನಲ್ಲಿ ಓಡುವ ಪ್ರೋಗ್ರಾಂನಲ್ಲಿ ಎಲ್ಲೋ ಒಂದು ಸೆಮಿಕೋಲನ್ ತಪ್ಪಿದರೆ ಸ್ಯಾಸ್ ತಾನೇ 'ಓಬಿಎಸ್' ಆಯ್ಕೆಯನ್ನು ಸೊನ್ನೆಗೆ ಇಳಿಸಿ, ಮುಂದಿನ ಸಾಲುಗಳ ವ್ಯಾಕರಣವನ್ನಷ್ಟೇ ಪರೀಕ್ಷಿಸುತ್ತಾ ಹೋಗುತ್ತದೆ. ಕೆಳಗೆ ಕಾಣುವ ಹತ್ತಾರು ದೂರುಗಳಿಗೆಲ್ಲ ಮೂಲ ಆ ಮೊದಲನೆಯ ಕೆಂಪು 'ಎರರ್' ಸಾಲು. ಅದನ್ನು ಬಿಟ್ಟು ಉಳಿದುದನ್ನು ತಿದ್ದಲು ಹೊರಟರೆ ದಿನವೆಲ್ಲ ವ್ಯರ್ಥ.

ಕೆಂಪು ಸಾಲೇ ಇಲ್ಲವೇ? ಹಾಗಾದರೆ ಹಸಿರು ಬಣ್ಣದ ಎಚ್ಚರಿಕೆಗಳನ್ನು ನೋಡಿ. 'ನೋ ಔಟ್‌ಪುಟ್ ಡೆಸ್ಟಿನೇಷನ್ಸ್ ಆಕ್ಟಿವ್' ಎಂದಿದ್ದರೆ ಲೆಕ್ಕವೆಲ್ಲ ಸರಿಯಾಗಿಯೇ ನಡೆದಿದೆ, ಬರೆಯಲು ಜಾಗವಿಲ್ಲ ಅಷ್ಟೆ. ಹಿಂದೆ ಯಾರೋ 'ಓಡಿಎಸ್ ಆಲ್ ಕ್ಲೋಸ್' ಕೊಟ್ಟು ಮತ್ತೆ ತೆರೆದಿಲ್ಲ. ಪಿಡಿಎಫ್ ಕಡತ ಇದ್ದೂ ತೆರೆಯದಿದ್ದರೆ ಕೊನೆಯಲ್ಲಿ 'ಓಡಿಎಸ್ ಪಿಡಿಎಫ್ ಕ್ಲೋಸ್' ಇದೆಯೇ ನೋಡಿ. ತೆಗೆಯಲು ಮರೆತ 'ನೋಪ್ರಿಂಟ್', ಮುಚ್ಚದ ಉದ್ಧರಣ ಚಿಹ್ನೆ, ಬಿಟ್ಟುಹೋದ 'ರನ್' ಇವು ಬೇಗ ಸಿಕ್ಕಿಬೀಳುತ್ತವೆ.

ಇನ್ನು ನೀಲಿ ನೋಟ್‌ಗಳು. ಹೊಸಬರು ಇವುಗಳ ಮೇಲೆ ಕಣ್ಣನ್ನೇ ಹಾಯಿಸುವುದಿಲ್ಲ. ನನಗೆ ಅತ್ಯಂತ ಕಳವಳ ತರುವ ಅಭ್ಯಾಸ ಇದು. ಡೇಟಾದ ಲಿಂಗದ ಕಾಲಂನಲ್ಲಿ ಸಣ್ಣಕ್ಷರದ 'ಎಫ್' ಇದ್ದು, ನೀವು ದೊಡ್ಡಕ್ಷರದ 'ಎಫ್' ಎಂದು ವೇರ್ ಷರತ್ತು ಹಾಕಿದರೆ ಒಬ್ಬ ಮಹಿಳೆಯೂ ಆಯ್ಕೆಯಾಗುವುದಿಲ್ಲ. ಸ್ಯಾಸ್ ದೃಷ್ಟಿಯಲ್ಲಿ ಅದು ತಪ್ಪಲ್ಲ. ಯಾವ ಸಾಲೂ ಆಯ್ಕೆಯಾಗಲಿಲ್ಲ ಎಂದು ನೀಲಿಯಲ್ಲಿ ಮೆಲ್ಲಗೆ ಹೇಳಿ ಮುಂದೆ ಹೋಗುತ್ತದೆ. ಪ್ರತಿ ಹಂತಕ್ಕೂ ಎಷ್ಟು ಸಾಲು ಒಳಗೆ ಹೋದವು, ಎಷ್ಟು ಹೊರಬಂದವು ಎಂದು ನೋಡುತ್ತಾ ಬನ್ನಿ. ಸಂಖ್ಯೆ ಎಲ್ಲಿ ಸೊನ್ನೆಯಾಯಿತೋ ಅಲ್ಲೇ ರೋಗ.

ಪೂರ್ತಿ ಕಾಣೆಯಾದ ರಿಪೋರ್ಟ್ ಕಣ್ಣಿಗಾದರೂ ಬೀಳುತ್ತದೆ. ಅರೆಬರೆ ಕಾಣೆಯಾದದ್ದು ಬೀಳುವುದಿಲ್ಲ. 120 ರೋಗಿಗಳಿದ್ದಾರೆ ಎನ್ನಿ. ಮೂವರ ದೇಶದ ಕಾಲಂ ಖಾಲಿ. ಪ್ರಾಕ್ ರಿಪೋರ್ಟ್‌ನಲ್ಲಿ ದೇಶವನ್ನು ಗ್ರೂಪ್ ಮಾಡಿ, 'ಮಿಸ್ಸಿಂಗ್' ಆಯ್ಕೆ ಕೊಡದಿದ್ದರೆ ಆ ಮೂವರು ಪುಟದಿಂದ ಜಾರಿಹೋಗುತ್ತಾರೆ. ಲಾಗ್‌ನಲ್ಲಿ ಮಾತ್ರ 120 ಸಾಲು ಓದಿದ್ದೇನೆ ಎಂದೇ ಇರುತ್ತದೆ. ಎಲ್ಲ ಸಾಲಿನಲ್ಲೂ ಆ ಕಾಲಂ ಖಾಲಿಯಿದ್ದರಷ್ಟೇ ಅದು ಎಚ್ಚರಿಸುವುದು. ಪ್ರಾಕ್ ಟ್ಯಾಬ್ಯುಲೇಟ್ ಇನ್ನೂ ಕಟ್ಟುನಿಟ್ಟು: ಕ್ಲಾಸ್‌ನಲ್ಲಿ ಹೆಸರಿಸಿದ ಯಾವುದೇ ಕಾಲಂ ಖಾಲಿಯಿದ್ದರೂ, ಆ ಕಾಲಂ ಕೋಷ್ಟಕದಲ್ಲಿ ಬಳಕೆಯಾಗದಿದ್ದರೂ, ಇಡೀ ಸಾಲು ಹೊರಗೆ. ಹೀಗೆ ಜಾರಿಹೋದ ಮೂವರಲ್ಲಿ ಒಬ್ಬರಿಗೆ ಔಷಧದಿಂದ ಗಂಭೀರ ತೊಂದರೆ ಆಗಿದ್ದರೆ? ಅದಕ್ಕೇ ಹೇಳುವುದು, ಪುಟದ ಮೇಲಿನ ಮೊತ್ತವನ್ನು ಮೂಲ ಡೇಟಾದ ಎಣಿಕೆಯ ಜೊತೆ ಕೂತು ಹೋಲಿಸಿ.

ಕೆಲವೊಮ್ಮೆ ಸೊನ್ನೆಯೇ ನಿಜ. ಆ ಪ್ರಯೋಗದಲ್ಲಿ ಒಂದೂ ಸಾವು ಆಗಿರಲಿಕ್ಕಿಲ್ಲ. ಆಗ ಪ್ರಾಕ್ ರಿಪೋರ್ಟ್ ಶೀರ್ಷಿಕೆಯನ್ನೂ ಮುದ್ರಿಸದೆ ಸುಮ್ಮನಾಗುತ್ತದೆ. ಆದರೆ ಓದುವವರಿಗೆ ಘಟನೆ ಇಲ್ಲವೋ, ಪ್ರೋಗ್ರಾಂ ಕೆಟ್ಟಿದೆಯೋ ಹೇಗೆ ತಿಳಿಯಬೇಕು? ಸಾಲುಗಳನ್ನು ಮೊದಲೇ ಎಣಿಸಿ, ಸೊನ್ನೆಯಾದರೆ 'ವರದಿ ಮಾಡಲು ಯಾವುದೇ ದತ್ತಾಂಶವಿಲ್ಲ' ಎಂಬ ಒಂದು ಸಾಲನ್ನು ಶೀರ್ಷಿಕೆಯೊಡನೆ ಮುದ್ರಿಸುವಂತೆ ಬರೆದಿಡಿ. ನಿಜವಾದ ಸೊನ್ನೆ ಎಂದು ಖಚಿತವಾಗದೆ ಮಾತ್ರ ಆ ಸಾಲಿನ ಮರೆಯಲ್ಲಿ ನಿಲ್ಲಬೇಡಿ.

ಗಡುವು ಹತ್ತಿರ ಬಂದಿದೆ, ಮ್ಯಾನೇಜರ್ ಕೇಳುತ್ತಿದ್ದಾರೆ, ಎಲ್ಲವೂ ಗೊತ್ತು. ಆದರೂ ಲಾಗ್ ಓದದೆ ಯಾವ ರಿಪೋರ್ಟನ್ನೂ ಕಳಿಸಬೇಡಿ.