ಎಸಿಯ ಸ್ಟಾರ್ ಲೇಬಲ್: ಓದುವುದು ಹೇಗೆ, ಮೋಸವಾದರೆ ಕೇಳುವುದೆಲ್ಲಿ?

ಬೇಸಿಗೆ ಬಂತೆಂದರೆ ಕಲಬುರಗಿ, ರಾಯಚೂರು, ಬಳ್ಳಾರಿಯ ಅಂಗಡಿಗಳಲ್ಲಿ ಎಸಿ ವ್ಯಾಪಾರ ಜೋರು. 'ಫೈವ್ ಸ್ಟಾರ್ ಇದೆ, ಕರೆಂಟ್ ಬಿಲ್ ಚಿಂತೆ ಬಿಡಿ' ಎಂಬ ಒಂದು ಮಾತಿಗೇ ಎಷ್ಟೋ ಜನ ಹಣ ಎಣಿಸಿಕೊಡುತ್ತಾರೆ. ಯಂತ್ರದ ಮೇಲೆ ಅಂಟಿಸಿರುವ ಲೇಬಲ್ ಓದುವವರು ಕಡಿಮೆ. ಗ್ರಾಹಕರ ಬಲವಿರುವುದು ಆ ಲೇಬಲ್‌ನಲ್ಲೇ: ಇಂಧನ ಸಂರಕ್ಷಣಾ ಕಾಯ್ದೆ, 2001ರ ಅಡಿ ತಯಾರಕರು ಕೊಡಲೇಬೇಕಾದ ಲಿಖಿತ ಮಾಹಿತಿ ಅದು.

ಈ ಕಾಯ್ದೆಯಂತೆ 2002ರ ಮಾರ್ಚ್ 1ರಂದು ಇಂಧನ ದಕ್ಷತಾ ಬ್ಯೂರೋ (ಬಿಇಇ) ಸ್ಥಾಪನೆಯಾಯಿತು. 2006ರಲ್ಲಿ ಸ್ಟಾರ್ ಲೇಬಲ್ ಯೋಜನೆ ಶುರುವಾಯಿತು; 2010ರ ಜನವರಿಯಿಂದ ಮನೆಬಳಕೆಯ ಎಸಿಗೆ ಲೇಬಲ್ ಕಡ್ಡಾಯ. ನಿಯಮ ಮುರಿದವರಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ಲೇಬಲ್‌ನಲ್ಲಿ ಏನು ನೋಡಬೇಕು?

ಸ್ಟಾರ್‌ಗಿಂತ ಮೊದಲು 'ಐಎಸ್‌ಇಇಆರ್' ಎಂಬ ಅಂಕಿ ನೋಡಬೇಕು. ಖರ್ಚಾಗುವ ವಿದ್ಯುತ್ತಿಗೆ ಯಂತ್ರ ಇಡೀ ಋತುವಿನಲ್ಲಿ ಎಷ್ಟು ತಂಪು ಕೊಡುತ್ತದೆ ಎಂಬುದರ ಅಳತೆ ಅದು. ಹೊರಗಿನ ತಾಪ 24ರಿಂದ 43 ಡಿಗ್ರಿಯವರೆಗೆ ಇರುವ 1,600 ಗಂಟೆಗಳನ್ನು ಲೆಕ್ಕಕ್ಕೆ ಹಿಡಿದಿರುತ್ತಾರೆ. ಅಂಕಿ ದೊಡ್ಡದಾದಷ್ಟೂ ಬಿಲ್ ಚಿಕ್ಕದು. ಪಕ್ಕದಲ್ಲೇ ವರ್ಷಕ್ಕೆ ಎಷ್ಟು ಯೂನಿಟ್ ಎಂದೂ ಬರೆದಿರುತ್ತದೆ. 1,000 ಯೂನಿಟ್ ಎಂದಿದ್ದು, ಮನೆಯಲ್ಲಿ ನಾಲ್ಕು ತಿಂಗಳು ದಿನಕ್ಕೆ 8 ಗಂಟೆ ಎಸಿ ಓಡಿದರೆ ಸುಮಾರು 960 ಗಂಟೆಯಾಯಿತು. ಅಂದಾಜು 600 ಯೂನಿಟ್ ಖರ್ಚು. ಎರಡು ಮಾದರಿಗಳಿಗೆ ಇದೇ ಲೆಕ್ಕ ಹಾಕಿ, ಬೆಲೆಯ ವ್ಯತ್ಯಾಸ ಎಷ್ಟು ವರ್ಷದಲ್ಲಿ ತೀರುತ್ತದೆಂದು ಅಂಗಡಿಯಲ್ಲೇ ನೋಡಬಹುದು.

ಲೇಬಲ್‌ಗೆ ಅವಧಿಯೂ ಇದೆ. 2018ರ ಮಟ್ಟದಲ್ಲಿ 4.6 ಅಂಕಿಯ ಸ್ಪ್ಲಿಟ್ ಎಸಿ ಫೈವ್ ಸ್ಟಾರ್. 2022ರ ಜುಲೈಯಲ್ಲಿ ಮಟ್ಟ ಏರಿದಾಗ ಅದೇ ಯಂತ್ರ ಫೋರ್ ಸ್ಟಾರ್ ಆಯಿತು. ಆದ್ದರಿಂದ ಹಳೆಯ ಸ್ಟಾಕ್‌ನ ಐದು ಸ್ಟಾರ್‌ಗೂ ಹೊಸದರ ಐದಕ್ಕೂ ಒಂದೇ ಬೆಲೆ ಕಟ್ಟಬಾರದು. ಲೇಬಲ್ ಅಸಲಿಯೇ ಎಂಬ ಅನುಮಾನವಿದ್ದರೆ ಬಿಇಇ ಮೊಬೈಲ್ ಆ್ಯಪ್‌ನಲ್ಲಿ ಮಾದರಿ ಸಂಖ್ಯೆ ಹುಡುಕಿ ನೋಡಬಹುದು.

ಮೋಸವಾದರೆ?

ಗುಣಮಟ್ಟದ ಬಗ್ಗೆ ಸುಳ್ಳು ಹೇಳಿ ಮಾರುವುದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅಷ್ಟೇ. ಬಿಲ್, ವಾರಂಟಿ ಕಾರ್ಡ್, ಲೇಬಲ್‌ನ ಫೋಟೊ, ಜಾಹೀರಾತಿನ ಪ್ರತಿ ಇವಿಷ್ಟನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

ಮೊದಲು ಅಂಗಡಿಗೂ ಕಂಪನಿಗೂ ಲಿಖಿತ ದೂರು ಕೊಡಬೇಕು. ಫಲ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲೇ ಕರೆ ಮಾಡಬಹುದು. ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕಂಪನಿ ಯಾವ ಊರಿನದೇ ಆಗಲಿ, ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ದಾಖಲಿಸಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ. ಎರಡು ವರ್ಷದ ಗಡುವು ಮಾತ್ರ ಮೀರಬಾರದು. ಪರೀಕ್ಷೆ ಇಲ್ಲದೆ ದೋಷ ತಿಳಿಯದು ಎನಿಸಿದರೆ ಆಯೋಗ ಪ್ರಯೋಗಾಲಯದ ವರದಿ ತರಿಸಿಕೊಳ್ಳುತ್ತದೆ. ಅದರ ಶುಲ್ಕವನ್ನು ಮೊದಲು ದೂರುದಾರರೇ ಕಟ್ಟಬೇಕಾಗುತ್ತದೆ. ದೂರು ಸಾಬೀತಾದರೆ ಯಂತ್ರ ಬದಲಾವಣೆ, ಹಣ ವಾಪಸು, ಪರಿಹಾರಕ್ಕೆ ಆದೇಶ ಸಿಗುತ್ತದೆ.

ಮನೆ ಕೊಳ್ಳುವವರಿಗೆ

ಗೋಡೆ, ಕಿಟಕಿಗಳೇ ಬಿಸಿಲನ್ನು ಒಳಗೆ ಬಿಟ್ಟುಕೊಂಡರೆ ಎಂಥ ಎಸಿಯೂ ದುಡಿದು ಸೋಲುತ್ತದೆ. ವಸತಿ ಕಟ್ಟಡಗಳಿಗೆಂದು 2018ರಲ್ಲಿ ಬಂದ 'ಇಕೊ ನಿವಾಸ್ ಸಂಹಿತಾ' ಇದಕ್ಕೊಂದು ಮಿತಿ ಹಾಕಿದೆ: ಚಳಿ ಪ್ರದೇಶ ಬಿಟ್ಟು ಉಳಿದೆಡೆ, ಚಾವಣಿ ಹೊರತುಪಡಿಸಿ, ಗೋಡೆ-ಕಿಟಕಿಗಳ ಮೂಲಕ ಬರುವ ಶಾಖ ಚದರ ಮೀಟರಿಗೆ 15 ವಾಟ್ ಮೀರಬಾರದು. ಇಂಥ ಸಂಹಿತೆಗಳನ್ನು ರಾಜ್ಯಗಳು ತಮ್ಮ ಕಟ್ಟಡ ನಿಯಮಗಳಿಗೆ ಸೇರಿಸಿಕೊಂಡಾಗ ಅವು ಕಟ್ಟುನಿಟ್ಟಾಗಿ ಜಾರಿಗೆ ಬರುತ್ತವೆ. ಕಚೇರಿ, ಆಸ್ಪತ್ರೆಗಳಿಗೆ ಬಿಇಇ ಕೊಡುವ ಸ್ಟಾರ್ ಮಾತ್ರ ಸ್ವಯಂಪ್ರೇರಿತ; ಚದರ ಮೀಟರಿಗೆ ವರ್ಷದಲ್ಲಿ ಖರ್ಚಾದ ಯೂನಿಟ್ ಅದಕ್ಕೆ ಆಧಾರ.

ಬಿಲ್ಡರ್ 'ವಿದ್ಯುತ್ ಉಳಿಸುವ ಫ್ಲ್ಯಾಟ್' ಎಂದು ಪ್ರಚಾರ ಮಾಡುತ್ತಿದ್ದರೆ ಮುಂಗಡ ಕೊಡುವ ಮೊದಲೇ ಪ್ರಮಾಣಪತ್ರ ಕೇಳಿ, ಆ ಭರವಸೆಯನ್ನು ಮಾರಾಟ ಕರಾರಿನಲ್ಲಿ ಬರೆಸಿಕೊಳ್ಳಬೇಕು. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಸುಳ್ಳು ಜಾಹೀರಾತು ನಂಬಿ ಹಣ ಕೊಟ್ಟು ನಷ್ಟಕ್ಕೊಳಗಾದವರಿಗೆ ಪರಿಹಾರ ಸಿಗಬೇಕು; ಖರೀದಿಯಿಂದ ಹಿಂದೆ ಸರಿದರೆ ಕಟ್ಟಿದ ಹಣವೆಲ್ಲ ಬಡ್ಡಿ ಸಮೇತ ಮರಳಬೇಕು. ಇದಕ್ಕಾಗಿ ಕರ್ನಾಟಕ ರೇರಾ ಪ್ರಾಧಿಕಾರದಲ್ಲಿ ಆನ್‌ಲೈನ್ ಮೂಲಕವೇ ದೂರು ಸಲ್ಲಿಸಬಹುದು.